ಏರ್ ಇಂಡಿಯಾವನ್ನು ಮುಳುಗಿಸಿದ್ದು 1953ರ ರಾಷ್ಟ್ರೀಕರಣವೇ?

ಏರ್ ಇಂಡಿಯಾ ಬಗ್ಗೆ ನಮ್ಮಲ್ಲಿ ಒಂದು ಕತೆ ಬಹಳ ಜನಪ್ರಿಯ. ಟಾಟಾ ಕಟ್ಟಿದರು, ಸರ್ಕಾರ ಕಸಿದುಕೊಂಡು ಹಾಳು ಮಾಡಿತು, ಕೊನೆಗೆ ಟಾಟಾ ಅವರೇ ಮತ್ತೆ ಕೊಂಡು ಉಳಿಸಿದರು. 2021ರ ಅಕ್ಟೋಬರ್‌ನಲ್ಲಿ ಮಾರಾಟದ ಸುದ್ದಿ ಬಂದಾಗ ಈ ಕತೆ ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡಿತು ಎಂಬುದು ನಿಮಗೆ ನೆನಪಿರಬಹುದು. ಇದರಲ್ಲಿ ಸುಳ್ಳಿಲ್ಲ. ಆದರೆ ನಡುವಿನ ಅರವತ್ತೆಂಟು ವರ್ಷಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವ ಕತೆ ಇದು. ಸಂಸ್ಥೆಯ ಅತ್ಯಂತ ಒಳ್ಳೆಯ ದಿನಗಳು ಬಂದದ್ದು ರಾಷ್ಟ್ರೀಕರಣದ ನಂತರ ಎಂಬ ಸಂಗತಿ ಅದರಲ್ಲಿ ಎಲ್ಲೂ ಇರುವುದಿಲ್ಲ.

ಒಂದು ವಿಮಾನಯಾನ ಸಂಸ್ಥೆ ಏಕೆ ಗೆದ್ದಿತು, ಏಕೆ ಸೋತಿತು ಎಂದು ತಿಳಿಯಲು ಮಾಲೀಕರ ಹೆಸರಿಗಿಂತ ಬೇರೆ ಮೂರು ಪ್ರಶ್ನೆಗಳು ಹೆಚ್ಚು ಉಪಯುಕ್ತ. ಅದರ ಬಳಿ ಯಾವ ವಿಮಾನಗಳಿದ್ದವು? ಅವು ಎಷ್ಟು ದೂರ ಹಾರಬಲ್ಲವು? ಅಲ್ಲಿ ಇಳಿಯಲು ಯಾರ ಅನುಮತಿ ಬೇಕಿತ್ತು? ಈ ಮೂರನ್ನು ಹಿಡಿದು ಹೋದರೆ ಏರ್ ಇಂಡಿಯಾದ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಬಳ್ಳಾರಿಯಲ್ಲಿ ಒಂದು ರಾತ್ರಿ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದು ಪುಟ್ಟ ಪುಸ್ ಮಾತ್ ವಿಮಾನ ಹಾರಿಸಿಕೊಂಡು ಅಹಮದಾಬಾದ್ ಮೂಲಕ ಮುಂಬೈನ ಜುಹುಗೆ ಬಂದರು ಎಂಬುದು ಎಲ್ಲ ಕಡೆ ಸಿಗುವ ಮಾಹಿತಿ. ಅದರಲ್ಲಿದ್ದದ್ದು ಪ್ರಯಾಣಿಕರಲ್ಲ, ಸುಮಾರು 25 ಕಿಲೋ ಅಂಚೆ. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದಿಳಿಸುತ್ತಿದ್ದ ಪತ್ರಗಳನ್ನು ಮದ್ರಾಸಿಗೆ ತಲುಪಿಸುವುದು ಕೆಲಸ. ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ ಎಂದರೆ, ಮುಂಬೈನಿಂದ ಮುಂದಿನ ಪಯಣವನ್ನು ನಡೆಸಿದವರು ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ಮತ್ತು ಅವರು ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಕತ್ತಲಲ್ಲಿ ಹಾರುವ ಸೌಲಭ್ಯ ಇರಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿಂದ ಮದ್ರಾಸಿಗೆ. ಅಂದರೆ ಈ ಸಂಸ್ಥೆಯ ಮೊಟ್ಟಮೊದಲ ಮಾರ್ಗದಲ್ಲೇ ಇಂದಿನ ಕರ್ನಾಟಕದ ಒಂದು ಊರಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು ಎನ್ನುವುದು ಬೇರೆ ಮಾತು.

ಬಳ್ಳಾರಿ ಆ ಪಟ್ಟಿಗೆ ಬಂದದ್ದೇಕೆ? ಅಲ್ಲಿಗೆ ಹೋಗಬೇಕಾದ ಅಂಚೆ ಇತ್ತೆಂದಲ್ಲ. ಪುಸ್ ಮಾತ್ ಒಂದೇ ನೆಗೆತಕ್ಕೆ ಮುಂಬೈನಿಂದ ಮದ್ರಾಸ್ ಮುಟ್ಟುವಂತಿರಲಿಲ್ಲ, ನಡುವೆ ಇಳಿಯಲು ಒಂದು ಬಯಲು ಬೇಕಿತ್ತು. ವಿಮಾನದ ಶಕ್ತಿ ಎಷ್ಟೋ ಮಾರ್ಗಜಾಲ ಅಷ್ಟೇ. ಜುಹುವಿನ ಬಯಲು ಮಳೆಗಾಲದಲ್ಲಿ ನೀರಲ್ಲಿ ಮುಳುಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಇಡೀ ಸಂಸ್ಥೆ ಪುಣೆಗೆ ಸ್ಥಳಾಂತರವಾಗುತ್ತಿತ್ತು.

1946ರ ಜುಲೈನಲ್ಲಿ ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪನಿಯಾಗಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಎಂಬ ಲಾಕ್‌ಹೀಡ್ ಕಾನ್‌ಸ್ಟೆಲೇಶನ್ ವಿಮಾನ ಕೈರೋ, ಜಿನೀವಾ ಮೂಲಕ ಲಂಡನ್ನಿಗೆ ಹೊರಟಿತು. ಆ ಹೊತ್ತಿಗೇ ಹೊರದೇಶದ ಸೇವೆ ನಡೆಸಲು ಹುಟ್ಟಿಕೊಂಡಿದ್ದ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನಲ್ಲಿ ಸರ್ಕಾರದ ಪಾಲು ಶೇ. 49 ಇತ್ತು. ಸರ್ಕಾರ 1953ರಲ್ಲಿ ಇದ್ದಕ್ಕಿದ್ದಂತೆ ಒಳನುಗ್ಗಿತು ಎಂಬ ಚಿತ್ರಣ ಇಲ್ಲೇ ಸ್ವಲ್ಪ ಸಡಿಲವಾಗುತ್ತದೆ.

1953ರಲ್ಲಿ ಆದದ್ದೇನು?

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕನ್ನರು ಇಲ್ಲಿ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಗತೊಡಗಿದವು. ಹಾಗಾಗಿ ವಿಮಾನ ಕಂಪನಿ ತೆರೆಯುವುದು ಸುಲಭವಾಯಿತು, ನಡೆಸುವುದು ಕಷ್ಟವಾಯಿತು. ಪ್ರಯಾಣಿಕರಿಗಿಂತ ಸೀಟುಗಳೇ ಹೆಚ್ಚಾದವು. ಅತಿಯಾಗಿ ಪರವಾನಗಿ ಹಂಚಿದ್ದೇ ಸರ್ಕಾರ ಎಂಬುದು ಜೆ.ಆರ್.ಡಿ. ಅವರ ದೂರಾಗಿತ್ತು, ಅದು ನ್ಯಾಯವಾದ ದೂರೇ. 1950ರಲ್ಲಿ ಒಂದು ವಿಚಾರಣಾ ಸಮಿತಿಯೂ ಕೂತಿತು. 1953ರ ಆಗಸ್ಟ್ 1ರಂದು ಎಂಟು ಕಂಪನಿಗಳ ದೇಶೀಯ ಸೇವೆಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ ಮಾಡಲಾಯಿತು, ಹೊರದೇಶದ ಸೇವೆಗೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಪ್ರತ್ಯೇಕವಾಗಿ ಉಳಿಯಿತು. ರಾಷ್ಟ್ರೀಕರಣವನ್ನು ವಿರೋಧಿಸಿದ್ದ ಜೆ.ಆರ್.ಡಿ. ಅವರೇ ಏರ್ ಇಂಡಿಯಾದ ಅಧ್ಯಕ್ಷರಾದರು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನು ಕೈಬಿಡುವವರೆಗೆ, ಅಂದರೆ ಸುಮಾರು ಕಾಲು ಶತಮಾನ ಅದೇ ಹುದ್ದೆಯಲ್ಲಿದ್ದರು.

ಆ ಕಾಲು ಶತಮಾನದಲ್ಲಿ ವಿಮಾನಗಳು ಏನು ಹೇಳುತ್ತವೆ? 1960ರಲ್ಲಿ ಬೋಯಿಂಗ್ 707 ಬಂತು, ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕ್ ಸೇವೆ ಶುರುವಾಯಿತು. 1962ರ ಹೊತ್ತಿಗೆ ಪ್ರೊಪೆಲ್ಲರ್ ವಿಮಾನಗಳನ್ನೆಲ್ಲ ಬಿಟ್ಟು, ಜಗತ್ತಿನ ಮೊದಲ ಸಂಪೂರ್ಣ ಜೆಟ್ ಸಂಸ್ಥೆ ಎಂದು ಏರ್ ಇಂಡಿಯಾ ಹೇಳಿಕೊಳ್ಳುವಂತಾಯಿತು. 1971ರಲ್ಲಿ ಮೊದಲ ಜಂಬೋ ಜೆಟ್ 'ಎಂಪರರ್ ಅಶೋಕ' ಬಂತು. ಇವೆಲ್ಲ ಸರ್ಕಾರಿ ಒಡೆತನದಲ್ಲೇ ಆದವು. ಹಾಗೆಂದು ರಾಷ್ಟ್ರೀಕರಣವೇ ಸರಿ ಎಂದು ನಾನು ವಾದಿಸುತ್ತಿಲ್ಲ. ಒಡೆತನ ಒಂದನ್ನೇ ಹಿಡಿದು ಈ ಚರಿತ್ರೆಯನ್ನು ವಿವರಿಸಲು ಹೊರಟರೆ 1953ರಿಂದ 1978ರವರೆಗಿನ ವರ್ಷಗಳು ಕೈಗೆ ಸಿಗುವುದಿಲ್ಲ, ಅಷ್ಟೇ.

ಈ ಕಾಲದ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1949ರಲ್ಲಿ ನಮ್ಮಲ್ಲಿ ರಾತ್ರಿ ಅಂಚೆ ವಿಮಾನ ಸೇವೆ ಶುರುವಾಯಿತು. ದೆಹಲಿ, ಮುಂಬೈ, ಕೊಲ್ಕತ್ತಾ, ಮದ್ರಾಸಿನಿಂದ ಹೊರಟ ನಾಲ್ಕು ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಂತಮ್ಮ ಊರಿಗೆ ಮರಳುತ್ತಿದ್ದವು. ಇಂದು ದುಬೈ ಅಥವಾ ದೋಹಾದಲ್ಲಿ ಪ್ರಯಾಣಿಕರನ್ನಿಟ್ಟುಕೊಂಡು ನಡೆಯುತ್ತಿರುವುದು ಇದೇ ಲೆಕ್ಕಾಚಾರ. ನಾಲ್ಕು ಊರುಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸಲು ಆರು ಮಾರ್ಗ ಬೇಕು, ನಡುವೆ ಒಂದು ಕೂಡುತಾಣವಿದ್ದರೆ ನಾಲ್ಕೇ ಸಾಕು. ಊರುಗಳು ಐವತ್ತಾದರೆ ಈ ಉಳಿತಾಯ ಎಷ್ಟಾಗುತ್ತದೆ ನೋಡಿ: ನೇರ ಮಾರ್ಗಗಳು 1,225, ಕೂಡುತಾಣದ ಮೂಲಕ 50. ಇದನ್ನೇ 'ಹಬ್' ಎನ್ನುವುದು. ಪತ್ರಗಳಿಗಾಗಿ ಇದನ್ನು ಅಷ್ಟು ಮೊದಲೇ ಮಾಡಿದ ದೇಶ, ಪ್ರಯಾಣಿಕರಿಗಾಗಿ ಮಾಡಲು ದಶಕಗಳ ಕಾಲ ಆಗಲಿಲ್ಲ. ಒಂದು ಕಾರಣ, ದೇಶದೊಳಗಿನ ಸೇವೆ ಒಂದು ಸಂಸ್ಥೆಯದು, ಹೊರಗಿನದು ಇನ್ನೊಂದರದು. ಹುಬ್ಬಳ್ಳಿಯ ಪ್ರಯಾಣಿಕನನ್ನು ಮುಂಬೈ ಮೂಲಕ ಲಂಡನ್ನಿಗೆ ತಲುಪಿಸುವ ಒಂದೇ ಕೈ ಇರಲಿಲ್ಲ.

ಆಕಾಶಕ್ಕೂ ಗೇಟು ಇದೆ

ವಿಮಾನ ಮತ್ತು ದುಡ್ಡು ಇದ್ದರೆ ಯಾವ ಊರಿಗೆ ಬೇಕಾದರೂ ಹಾರಬಹುದು ಎಂದು ನಾವು ಅಂದುಕೊಳ್ಳುತ್ತೇವೆ. 1944ರ ಷಿಕಾಗೋ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ಮೇಲಿನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ಆದ್ದರಿಂದ ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ವಿಮಾನ ಅಥವಾ ಎಷ್ಟು ಸೀಟು, ಯಾವ ಊರುಗಳಿಗೆ ಎಂಬುದನ್ನು ಸರ್ಕಾರಗಳು ಕೂತು ಬರೆದುಕೊಳ್ಳುತ್ತವೆ. ಇವೇ ದ್ವಿಪಕ್ಷೀಯ ಒಪ್ಪಂದಗಳು. ಸಾಮಾನ್ಯವಾಗಿ ಇವುಗಳಲ್ಲಿ, ಸಂಸ್ಥೆಯ ಬಹುಪಾಲು ಒಡೆತನ ಮತ್ತು ನಿಯಂತ್ರಣ ಆಯಾ ದೇಶದವರ ಕೈಯಲ್ಲೇ ಇರಬೇಕು ಎಂಬ ಷರತ್ತಿರುತ್ತದೆ. ದೇಶದವರ ಕೈಯಲ್ಲಿ ಎಂದರೆ ಸರ್ಕಾರದ ಕೈಯಲ್ಲಿ ಎಂದಲ್ಲ. ಹಾಗಾಗಿ 2022ರಲ್ಲಿ ಖಾಸಗಿಯಾದ ಮಾತ್ರಕ್ಕೆ ಏರ್ ಇಂಡಿಯಾದ ಹಾರುವ ಹಕ್ಕುಗಳು ಹೋಗಲಿಲ್ಲ.

ಇಲ್ಲಿ ಎರಡು ಚಿಕ್ಕ ತಪ್ಪು ತಿಳಿವಳಿಕೆಗಳನ್ನೂ ಮುಗಿಸಿಬಿಡೋಣ. ಭಾರತದ ವಿಮಾನಗಳ ನೋಂದಣಿ 'ವಿಟಿ' ಎಂದು ಶುರುವಾಗುತ್ತದೆ, ಅದು 'ವೈಸ್‌ರಾಯ್ಸ್ ಟೆರಿಟರಿ', ಗುಲಾಮಗಿರಿಯ ಗುರುತು ಎಂಬ ಸಂದೇಶ ನಿಮಗೂ ಬಂದಿರಬಹುದು. ಇವು ರೇಡಿಯೋ ಕರೆ ಸಂಕೇತಕ್ಕಾಗಿ ಅಂತರರಾಷ್ಟ್ರೀಯವಾಗಿ ಹಂಚಿದ ಅಕ್ಷರಗಳು. ಬ್ರಿಟಿಷ್ ಸಾಮ್ರಾಜ್ಯಕ್ಕೆ ವಿ ಅಕ್ಷರದ ಗುಂಪು ಸಿಕ್ಕಿತ್ತು, ಅದರಲ್ಲಿ ವಿಟಿಯಿಂದ ವಿಡಬ್ಲ್ಯೂವರೆಗಿನ ಸರಣಿ ಭಾರತದ ಪಾಲಿಗೆ ಬಂತು. ಸಾಮ್ರಾಜ್ಯದ ನೆರಳು ಇರುವುದು ನಿಜ, ಆದರೆ ಆ ವಿಸ್ತೃತ ರೂಪ ಆಮೇಲೆ ಜನ ಕಟ್ಟಿದ್ದು. ಇನ್ನೊಂದು, ಪ್ರಧಾನಿ ಹಾರುವ 'ಏರ್ ಇಂಡಿಯಾ ಒನ್' ಏರ್ ಇಂಡಿಯಾದ ವಿಮಾನ ಎಂಬುದು. ಆ ಎರಡು ಬೋಯಿಂಗ್ 777ಗಳು ಮೂಲತಃ ಏರ್ ಇಂಡಿಯಾಗೆ ಬಂದವು ನಿಜ. ಈಗ ಅವನ್ನು ಹಾರಿಸುವುದು ವಾಯುಪಡೆ.

ಒಪ್ಪಂದದ ಮಾತಿಗೆ ಮರಳೋಣ. ಮಂಗಳೂರಿನವರಿಗೆ, ಉಡುಪಿಯವರಿಗೆ ಕೊಲ್ಲಿ ದೇಶಗಳೆಂದರೆ ಪಕ್ಕದ ಊರಿದ್ದಂತೆ. ಹೀಗೆ ಹೋದವರ ಸಂಖ್ಯೆ ಎಷ್ಟಿತ್ತು ಎಂಬುದಕ್ಕೆ 1990ರ ಕುವೈತ್ ತೆರವು ಕಾರ್ಯಾಚರಣೆಯೇ ಸಾಕ್ಷಿ. ಅಮ್ಮಾನ್‌ನಿಂದ ಮುಂಬೈಗೆ 59 ದಿನಗಳಲ್ಲಿ 488 ಹಾರಾಟ, ಒಂದು ಲಕ್ಷಕ್ಕೂ ಹೆಚ್ಚು ಜನ. ರಾಷ್ಟ್ರೀಯ ವಿಮಾನಯಾನ ಸಂಸ್ಥೆ ಏಕೆ ಬೇಕು ಎಂದು ಕೇಳಿದಾಗೆಲ್ಲ ಈ ಉದಾಹರಣೆ ಬರುತ್ತದೆ, ಬರಲೇಬೇಕು. ಆದರೆ ಸಾಮಾನ್ಯ ದಿನಗಳಲ್ಲಿ ಈ ಪ್ರಯಾಣಿಕರನ್ನು ಹೊತ್ತವರು ಹೆಚ್ಚೆಚ್ಚಾಗಿ ಬೇರೆಯವರಾದರು. 2000ದ ದಶಕದಿಂದ ದುಬೈ ಜೊತೆಗಿನ ಒಪ್ಪಂದದ ಸೀಟುಗಳು ಹೆಚ್ಚುತ್ತಾ ಹೋಗಿ ವಾರಕ್ಕೆ, ಒಂದೊಂದು ಕಡೆಯವರಿಗೆ, ಸುಮಾರು 65 ಸಾವಿರದಷ್ಟಾದವು. ಒಪ್ಪಂದ ಸಮಾನವೇ, ಎರಡೂ ಕಡೆಗೆ ಅಷ್ಟೇ ಸೀಟು. ಬಳಸುವ ಶಕ್ತಿ ಸಮಾನವಾಗಿರಲಿಲ್ಲ. ಎಮಿರೇಟ್ಸ್ ಬಳಿ ಹೊಸ ವಿಮಾನಗಳೂ ದುಬೈ ಎಂಬ ಕೂಡುತಾಣವೂ ಇದ್ದವು. ಬೆಂಗಳೂರಿನಿಂದ ದುಬೈಗೆ ಹೋದವರಲ್ಲಿ ಎಷ್ಟೋ ಜನ ಹೊರಟದ್ದು ದುಬೈಗಲ್ಲ, ಲಂಡನ್ನಿಗೋ ಷಿಕಾಗೋಗೋ.

111 ವಿಮಾನಗಳ ಲೆಕ್ಕ

ಆ ಹೊತ್ತಿನಲ್ಲಿ ಏರ್ ಇಂಡಿಯಾ ಏನು ಮಾಡುತ್ತಿತ್ತು? ನನ್ನ ಪ್ರಕಾರ ನಿಜವಾದ ಪತನದ ಆರಂಭ ಇಲ್ಲಿದೆ. 1990ರ ದಶಕದ ನಡುವಿನಲ್ಲಿ ಕೊನೆಯ ಬೋಯಿಂಗ್ 747-400ಗಳು ಬಂದ ಮೇಲೆ ಸುಮಾರು ಹತ್ತು ವರ್ಷ ಹೊಸ ದೊಡ್ಡ ವಿಮಾನಗಳಿಗೆ ಆರ್ಡರ್ ಕೊಡಲೇ ಇಲ್ಲ. ಹಳೆಯವನ್ನೂ ಬಾಡಿಗೆಯವನ್ನೂ ಇಟ್ಟುಕೊಂಡು ಕಾಲ ತಳ್ಳಲಾಯಿತು. ದೇಶದೊಳಗೆ ಖಾಸಗಿ ಕಂಪನಿಗಳು ಬಂದವು. 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ಹಾರಾಟ ನಡೆಸಿದ ಏರ್ ಡೆಕ್ಕನ್, ರೈಲಿನ ಮೇಲ್ದರ್ಜೆಯಲ್ಲಿ ಓಡಾಡುತ್ತಿದ್ದವರನ್ನು ವಿಮಾನ ಹತ್ತಿಸಿತು.

ಆಮೇಲೆ ಒಂದೇ ಸಲಕ್ಕೆ ಎಲ್ಲವೂ ಬಂತು. 2005-06ರಲ್ಲಿ ಏರ್ ಇಂಡಿಯಾಗೆ 68 ಬೋಯಿಂಗ್, ಇಂಡಿಯನ್ ಏರ್‌ಲೈನ್ಸ್‌ಗೆ 43 ಏರ್‌ಬಸ್, ಒಟ್ಟು 111. ಇವುಗಳಲ್ಲಿ ದೂರ ಹಾರುವ ದೊಡ್ಡ ವಿಮಾನಗಳೇ 50: ಎಂಟು 777-200ಎಲ್‌ಆರ್, ಹದಿನೈದು 777-300ಇಆರ್, ಇಪ್ಪತ್ತೇಳು 787. ಏರ್ ಇಂಡಿಯಾದ ಮೊದಲ ಯೋಜನೆಯಲ್ಲಿ ಇದ್ದದ್ದು ಒಟ್ಟು 28 ಎಂದೂ, ಅದು ಅವಸರದಲ್ಲಿ 68 ಆಯಿತೆಂದೂ, ಬಹುಪಾಲು ಸಾಲದಲ್ಲೇ ಕೊಂಡದ್ದೆಂದೂ ಮಹಾಲೇಖಪಾಲರು 2011ರ ವರದಿಯಲ್ಲಿ ಟೀಕಿಸಿದರು. ವಿಮಾನ ಬೇಕಿರಲಿಲ್ಲ ಎಂದಲ್ಲ, ತುಂಬಾ ಬೇಕಿತ್ತು. ಹತ್ತು ವರ್ಷ ಊಟ ಬಿಟ್ಟವನಿಗೆ ಒಂದೇ ದಿನ ಹಬ್ಬದೂಟ ಬಡಿಸಿದಂತಾಯಿತು.

ಎಂಟು 777-200ಎಲ್‌ಆರ್‌ಗಳ ಕತೆ ಸ್ವಲ್ಪ ವಿವರವಾಗಿ ನೋಡಬೇಕಾದದ್ದು. ಇವು ನಿಲ್ಲದೆ ಹದಿನಾರು ಗಂಟೆ ಹಾರಬಲ್ಲವು, 2007ರಲ್ಲಿ ಮುಂಬೈನಿಂದ ನ್ಯೂಯಾರ್ಕಿಗೆ ನೇರ ಸೇವೆಯೂ ಶುರುವಾಯಿತು. ಆದರೆ ಇಷ್ಟು ದೂರದ ಹಾರಾಟದಲ್ಲಿ ಒಂದು ಪೇಚಿದೆ. ಹೊರಡುವಾಗ ವಿಮಾನದ ತೂಕದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಇಂಧನವೇ ಇರುತ್ತದೆ. ಹದಿನೈದನೇ ಗಂಟೆಯಲ್ಲಿ ಉರಿಯಬೇಕಾದ ಇಂಧನವನ್ನು ಹದಿನಾಲ್ಕು ಗಂಟೆ ಹೊತ್ತು ತಿರುಗಬೇಕು, ಹಾಗೆ ಹೊರಲೂ ಇಂಧನ ಉರಿಯುತ್ತದೆ. ಹಾಗಾಗಿ ದೂರ ಎರಡರಷ್ಟಾದರೆ ಖರ್ಚು ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಕೊನೆಗೆ ಎಂಟರಲ್ಲಿ ಐದನ್ನು ಅಬುಧಾಬಿಯ ಎತಿಹಾದ್‌ಗೆ ಮಾರಲಾಯಿತು. ಇಂಧನ ಉಳಿಸುವ 787ಗಳು 2008ಕ್ಕೆ ಬರಬೇಕಿತ್ತು, ತಯಾರಿಕೆ ತಡವಾಗಿ 2012ರ ಸೆಪ್ಟೆಂಬರ್‌ನಲ್ಲಿ ಬಂದವು.

ಇದರ ನಡುವೆಯೇ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನವಾದವು. ಕಾಗದದ ಮೇಲೆ ಇದು ಸರಿಯಾದ ಕ್ರಮ. ದೇಶದ ಒಳಗೂ ಹೊರಗೂ ಒಂದೇ ಸಂಸ್ಥೆ ಬೇಕು ಎಂಬುದನ್ನು ನಾಗಪುರದ ಉದಾಹರಣೆಯಲ್ಲೇ ನೋಡಿದೆವು. ಆದರೆ ಒಂದು ಬಗೆಯ ವಿಮಾನ ಹಾರಿಸುವ ಪೈಲಟ್ ಇನ್ನೊಂದನ್ನು ಹಾಗೇ ಹಾರಿಸುವಂತಿಲ್ಲ. ಪ್ರತಿ ಬಗೆಗೂ ಬೇರೆ ತರಬೇತಿ ಮತ್ತು ಬೇರೆ ಪರವಾನಗಿ, ಬೇರೆ ಬಿಡಿಭಾಗ, ಬೇರೆ ಇಂಜಿನಿಯರುಗಳು ಬೇಕು. ಬೋಯಿಂಗ್ ಮನೆಯೂ ಏರ್‌ಬಸ್ ಮನೆಯೂ ಒಂದೇ ಸೂರಿನಡಿ ಬಂದವು, ಅಡುಗೆಮನೆ ಎರಡಾಗಿಯೇ ಉಳಿಯಿತು. ಹೊಸ 787ಗೆ ಯಾರ ಪೈಲಟ್‌ಗಳಿಗೆ ತರಬೇತಿ ಎಂಬ ಜಗಳ 2012ರಲ್ಲಿ 58 ದಿನಗಳ ಮುಷ್ಕರಕ್ಕೆ ಕಾರಣವಾಯಿತು. ವಿಲೀನದ ನಂತರ ಸರ್ಕಾರದ ಕೈಯಲ್ಲಿದ್ದಷ್ಟು ಕಾಲ ಸಂಸ್ಥೆ ಮತ್ತೆ ನಿವ್ವಳ ಲಾಭ ಕಾಣಲಿಲ್ಲ.

ದೂರ ಹೆಚ್ಚಾದರೂ ಬೇಗ ತಲುಪುವುದು ಹೇಗೆ?

ಉಳಿದ ಮೂರು 777-200ಎಲ್‌ಆರ್‌ಗಳು ಒಂದು ಕುತೂಹಲದ ಕೆಲಸ ಮಾಡಿದವು. 2015ರಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಸೇವೆ ಅಟ್ಲಾಂಟಿಕ್ ಮೂಲಕ ಶುರುವಾಗಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೂಲಕ ಹಾರಿಸಿದರು. ದೂರ ಸುಮಾರು 15,300 ಕಿ.ಮೀ. ಆಯಿತು, ಸಮಯ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹಲವರು ಹೇಳುತ್ತಾರೆ. ನೇರವಾಗಿ ಅಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಇಲ್ಲದಿದ್ದರೆ ಮೇಲಕ್ಕೆ ಹಾರಿದ ಹಕ್ಕಿ ಬೇರೆ ಊರಲ್ಲಿ ಇಳಿಯಬೇಕಿತ್ತು. ಕಾರಣ ಜೆಟ್ ಸ್ಟ್ರೀಮ್, ಅಂದರೆ ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವೇಗದ ಗಾಳಿ. ಅದರ ದಿಕ್ಕನ್ನು ರೂಪಿಸುವುದರಲ್ಲಿ ಭೂಮಿಯ ತಿರುಗುವಿಕೆಯ ಪಾಲಿದೆ, ಅಷ್ಟರಮಟ್ಟಿಗೆ ಆ ಮಾತು ಸರಿ. ಬೆನ್ನ ಹಿಂದೆ ಗಾಳಿಯಿದ್ದರೆ ಸಾವಿರ ಕಿ.ಮೀ. ಹೆಚ್ಚು ಹಾರಿಯೂ ಬೇಗ ತಲುಪಬಹುದು.

2021ರ ಜನವರಿಯಲ್ಲಿ ಇದೇ ಬಗೆಯ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ಬಂತು. ಕಾಕ್‌ಪಿಟ್‌ನಲ್ಲಿ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೇ ಇದ್ದರು. ಈ ಎರಡು ಊರುಗಳು ಭೂಗೋಳದಲ್ಲಿ ಹೆಚ್ಚುಕಡಿಮೆ ಎದುರುಬದುರು. ಅವುಗಳ ನಡುವಿನ ಅತಿ ಹತ್ತಿರದ ದಾರಿ ಭೂಪಟದಲ್ಲಿ ಕಾಣುವಂತೆ ಅಡ್ಡಲಾಗಿಲ್ಲ, ಮೇಲಿನಿಂದ ಇದೆ. ಒಂದು ಕಿತ್ತಳೆಗೆ ದಾರ ಸುತ್ತಿ ನೋಡಿದರೆ ಅರ್ಥವಾಗುತ್ತದೆ.

ಮಾರಿದ್ದೇನು, ಉಳಿದದ್ದೇನು?

2021ರ ಆಗಸ್ಟ್ ಕೊನೆಗೆ ಏರ್ ಇಂಡಿಯಾದ ಸಾಲ 61,562 ಕೋಟಿ ರೂಪಾಯಿ. ಟಾಟಾ ಸಮೂಹದ ಬಿಡ್ 18,000 ಕೋಟಿ. ಇದನ್ನು 18,000 ಕೋಟಿ ನಗದು ಎಂದು ತಿಳಿದವರೇ ಹೆಚ್ಚು. ನಗದು 2,700 ಕೋಟಿ, ಉಳಿದ 15,300 ಕೋಟಿ ಟಾಟಾ ವಹಿಸಿಕೊಂಡ ಸಾಲ. ಮಿಕ್ಕ 46,262 ಕೋಟಿ ಸಾಲ ಸರ್ಕಾರದ ಇನ್ನೊಂದು ಕಂಪನಿಗೆ ಹೋಯಿತು, ಅಂದರೆ ತೆರಿಗೆ ಕಟ್ಟುವವರ ತಲೆಯ ಮೇಲೆ. ಕಟ್ಟಡ, ಜಮೀನುಗಳೂ ಅದೇ ಕಂಪನಿಗೆ ಹೋದವು. 2009-10ರಿಂದ ಸರ್ಕಾರ ಕೊಟ್ಟಿದ್ದ ನಗದು ಮತ್ತು ಸಾಲದ ಖಾತರಿ ಸೇರಿಸಿದರೆ ಸುಮಾರು 1.10 ಲಕ್ಷ ಕೋಟಿ.

ಹಾಗಾದರೆ ಟಾಟಾಗೆ ಸಿಕ್ಕಿದ್ದೇನು? ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸೇರಿ 141 ವಿಮಾನಗಳು, ಅವುಗಳಲ್ಲಿ ಹಲವು ಬಾಡಿಗೆಯವು. ಅದಕ್ಕಿಂತ ಬೆಲೆಬಾಳುವುದು ಲಂಡನ್ನಿನ ಹೀಥ್ರೂನಂತಹ ತುಂಬಿ ತುಳುಕುವ ನಿಲ್ದಾಣಗಳಲ್ಲಿ ಇಳಿಯುವ ಸಮಯದ ಹಕ್ಕುಗಳು, ಅಂದರೆ ಸ್ಲಾಟ್‌ಗಳು. ವಿಮಾನವನ್ನು ಯಾರು ಬೇಕಾದರೂ ಕೊಳ್ಳಬಹುದು, ಹೀಥ್ರೂನ ಬೆಳಗಿನ ಸ್ಲಾಟ್ ಸುಲಭವಾಗಿ ಸಿಗುವುದಿಲ್ಲ.

2023ರಲ್ಲಿ ಹೊಸ ಮಾಲೀಕರು 470 ವಿಮಾನಗಳಿಗೆ ಆರ್ಡರ್ ಕೊಟ್ಟರು, 250 ಏರ್‌ಬಸ್, 220 ಬೋಯಿಂಗ್. 2024ರ ಕೊನೆಗೆ ಇನ್ನೂ 100 ಏರ್‌ಬಸ್ ಸೇರಿದವು. ಅದೇ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾಗಿ ಸಿಂಗಪುರ್ ಏರ್‌ಲೈನ್ಸ್‌ಗೆ ಶೇ. 25.1 ಪಾಲು ಬಂತು. ಸಂಖ್ಯೆಗಳನ್ನು ನೋಡಿದಾಗ 2006ರ ನೆನಪಾಗದೆ ಇರದು. ದೊಡ್ಡ ಖರೀದಿ, ಅದರ ಬೆನ್ನಿಗೇ ವಿಲೀನ, ಎರಡು ಕಂಪನಿಗಳ ವಿಮಾನಗಳು. ಈ ಸಲ ವ್ಯತ್ಯಾಸ ಇರುವುದು, ದುಡ್ಡು ಹಾಕುವವರು ಖಾಸಗಿಯವರು ಮತ್ತು ದುರಸ್ತಿ, ತರಬೇತಿಗೆ ಮೊದಲೇ ಹೂಡಿಕೆ ಆಗುತ್ತಿದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ದೊಡ್ಡದೊಂದು ದುರಸ್ತಿ ಕೇಂದ್ರ ಕಟ್ಟುವ ಕೆಲಸ ಅದರ ಭಾಗ. ಅದು ಸಣ್ಣ ಸಂಗತಿಯಲ್ಲ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಬಿದ್ದದ್ದು 2006ರ ಆರ್ಡರಿನ 787ಗಳಲ್ಲೊಂದು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವರು ಒಬ್ಬರೇ.

ಆಕಾಶದ ಗೇಟಿನ ವಿಚಾರವೂ ಮುಗಿದಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನಗಳು ಅರಬ್ಬೀ ಸಮುದ್ರದತ್ತ ಇಳಿದು ಸುತ್ತಿಹೋಗಬೇಕಾಯಿತು. ಮೇಲೆ ಹೇಳಿದ ಇಂಧನದ ಪೇಚು ಮತ್ತೆ ಎದುರಾಗಿ, ಅಮೆರಿಕದ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯತೊಡಗಿದವು. ಸೆಪ್ಟೆಂಬರ್‌ನಿಂದ ದೆಹಲಿ-ವಾಷಿಂಗ್ಟನ್ ಸೇವೆಯನ್ನು ನಿಲ್ಲಿಸಲಾಯಿತು. ಮುಂದೆ ಬರಲಿರುವ ಎ350-1000 ಮತ್ತು 777ಎಕ್ಸ್‌ಗಳು ಇನ್ನೂ ದೂರ ಹಾರಬಲ್ಲವು, ಆದರೆ ಅವಕ್ಕೂ ಯಾರ ಆಕಾಶದಲ್ಲಿ ದಾರಿ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ಸರ್ಕಾರಗಳೇ.